ಬಾದಾಮಿ ಬಂಡೆಗೆ ಯಾವ ವಾರ: ಚಿತ್ತೆ, ಸ್ವಾತಿ, ವಿಶಾಖೆ, ಅನುರಾಧೆ

ಶಿರಸಿ, ಕುಮಟಾ, ಕಾರವಾರ ಕಡೆಯಿಂದ ಬಾದಾಮಿಗೆ ಬಂಡೆ ಹತ್ತಲು ಹೋಗುವವರು ನವೆಂಬರ್ 14ರಿಂದ 28ರೊಳಗೆ ಹೋಗಿ. ಅಕ್ಟೋಬರ್ ಬೇಡ. ಡಿಸೆಂಬರ್ ಆದೀತು, ಆದರೆ ಜನ ಹೊಗಳುವಷ್ಟು ಲಾಭ ಅದರಲ್ಲಿಲ್ಲ. ನಾಲ್ಕೂ ಮಳೆ ನಕ್ಷತ್ರದಲ್ಲಿ ಹಗ್ಗ ಕಟ್ಟಿ ನೋಡಿದ ಮೇಲಿನ ಮಾತು ಇದು.

ನಮ್ಮಲ್ಲಿ ಬಂಡೆಗೇನೂ ಬರವಿಲ್ಲ. ಯಾಣದ ಭೈರವೇಶ್ವರ ಶಿಖರವೇ 120 ಮೀಟರ್, ಪಕ್ಕದ ಮೋಹಿನಿ 90 ಮೀಟರ್. ಆದರೆ ಅದು ದೇವರ ಜಾಗ, ಹಗ್ಗದ ಆಸರೆಗೆ ಕಲ್ಲು ಕೊರೆದು ಬೋಲ್ಟ್ ಹೊಡೆಯುವ ಮಾತೇ ಇಲ್ಲ. ಸುತ್ತ ಕಾಡು, ಕಲ್ಲಿನ ಮೇಲೆ ಪಾಚಿ, ಮಳೆ ನಿಂತ ಮೇಲೂ ಕಾಲಿಗೆ ಉಂಬಳ. ಒಣಕಲ್ಲು ಬೇಕೆಂದರೆ ಬಯಲುಸೀಮೆಗೇ ಹೋಗಬೇಕು.

ಈ ಲೆಕ್ಕಕ್ಕೆ ಇಂಗ್ಲಿಷ್ ತಿಂಗಳಿಗಿಂತ ಮಳೆ ನಕ್ಷತ್ರವೇ ವಾಸಿ. ಚಿತ್ತೆ ಅಕ್ಟೋಬರ್ 10-11ರಿಂದ 23ರವರೆಗೆ, ಸ್ವಾತಿ 24ರಿಂದ ನವೆಂಬರ್ 5ರವರೆಗೆ, ವಿಶಾಖೆ 6ರಿಂದ 18ರವರೆಗೆ, ಅನುರಾಧೆ 19ರಿಂದ ಡಿಸೆಂಬರ್ 2ರವರೆಗೆ. ಒಂದು ದಿನ ಆಚೀಚೆ ಆಗಬಹುದು, ಮನೆಯ ಪಂಚಾಂಗ ನೋಡಿಕೊಳ್ಳಿ.

ಹೆಚ್ಚಿನವರು ಬೀಳುವುದು ಚಿತ್ತೆಯ ಮೋಸಕ್ಕೆ. ನಮ್ಮ ಕಡೆ ಜೂನ್-ಜುಲೈಯಲ್ಲಿ ಹೊಯ್ದು ಹೊಯ್ದು ದಸರೆಯ ಹೊತ್ತಿಗೆ ಬಿಸಿಲು ಮೂಡುತ್ತದೆ, ಅಂಗಳ ಒಣಗುತ್ತದೆ. ಇಲ್ಲೇ ಇಷ್ಟು ಒಣಗಿದ ಮೇಲೆ ಬಾದಾಮಿಯಲ್ಲಿ ಇನ್ನೇನು ಮಳೆ ಎಂದು ಚೀಲ ಕಟ್ಟುತ್ತಾರೆ. ಅಲ್ಲಿನ ಮಳೆಯ ಲೆಕ್ಕವೇ ಬೇರೆ. ವರ್ಷದ ಒಟ್ಟು ಮಳೆ ನಮ್ಮದರ ಕಾಲು ಭಾಗವೂ ಇಲ್ಲ, ನಿಜ. ಆದರೆ ಅದು ಜೋರಾಗುವುದು ಸೆಪ್ಟೆಂಬರ್‌ನಲ್ಲಿ, ಅಕ್ಟೋಬರ್ ಅದರ ಬಾಲ. ಹಿಂಗಾರು ಜೋಳ ಬಿತ್ತುವವರು ಕಾಯುವುದೇ ಆ ಮಳೆಗೆ. ಬೆಳಿಗ್ಗೆ ಸ್ವಚ್ಛ ಆಕಾಶ, ಮಧ್ಯಾಹ್ನ ಮೂರಕ್ಕೆ ಮೋಡ, ಐದಕ್ಕೆ ಗುಡುಗು, ಮುಕ್ಕಾಲು ಗಂಟೆ ದಬದಬ ಮಳೆ. ರಾತ್ರಿ ನಕ್ಷತ್ರ ಕಾಣಿಸುತ್ತದೆ, ಬೆಳಿಗ್ಗೆ ಗೋಡೆ ಒಣಗಿದಂತೆ ಕಾಣಿಸುತ್ತದೆ.

ಹಾಗೆ ಕಾಣಿಸುವುದೇ ತೊಂದರೆ. ಬಾದಾಮಿಯದು ಮರಳುಗಲ್ಲು: ಮರಳಿನ ಕಣಗಳನ್ನು ಸಿಲಿಕಾ, ಕಬ್ಬಿಣದ ಅಂಶ, ಅಲ್ಲಲ್ಲಿ ಜೇಡಿ ಸೇರಿ ಹಿಡಿದಿಟ್ಟಿರುತ್ತವೆ. ಕಣಗಳ ನಡುವಿನ ಸಂದಿಗೆ ನೀರಿಳಿದರೆ ಈ ಅಂಟಿನ ಬಿಗಿ ತಗ್ಗುತ್ತದೆ. ಹೊರಮೈ ಗಾಳಿ-ಬಿಸಿಲಿಗೆ ಎರಡು ಗಂಟೆಯಲ್ಲಿ ಆರುತ್ತದೆ, ಒಳಗಿನ ತೇವ ಹೊರಬರಲು ದಿನಗಳು ಬೇಕು. ಬಾದಾಮಿಯ ಕಲ್ಲು ಮರಳುಗಲ್ಲುಗಳಲ್ಲಿ ಗಟ್ಟಿ ಜಾತಿಯದು, ಕೈ-ಕಾಲು ಊರುವ ದೊಡ್ಡ ಹಿಡಿಗಳಿಗೆ ಏನೂ ಆಗದು. ಒಡೆಯುವುದು ಬೆರಳ ತುದಿಯ ದಪ್ಪದ ಅಂಚುಗಳು, ಗೋಡೆಗೆ ಹಪ್ಪಳದಂತೆ ಅಂಟಿಕೊಂಡ ತೆಳು ಚಕ್ಕೆಗಳು. ಕೈಯಲ್ಲಿ ಎಳೆದಾಗ ತಡೆದ ಚಕ್ಕೆ ಅದೇ ಜಾಗದಲ್ಲಿ ಕಾಲಿಟ್ಟು ಮೈಭಾರ ಹಾಕಿದಾಗ ಕಿತ್ತು ಬರುತ್ತದೆ. ಬೀಳುವ ಚೂರು ಹೋಗುವುದು ನೇರ ಕೆಳಗೆ ಹಗ್ಗ ಹಿಡಿದವರ ತಲೆಗೆ. ಕಿತ್ತು ಹೋದ ಹಿಡಿ ಮತ್ತೆ ಬರುವುದಿಲ್ಲ, ಆ ದಾರಿ ಮುಂದೆ ಬರುವವರಿಗೂ ಕೆಟ್ಟಂತೆ. ಬಿರುಕಿನೊಳಗೆ ಅರಳಿ ಕಚ್ಚಿಕೊಂಡು ಹಗ್ಗಕ್ಕೆ ಆಸರೆಯಾಗುವ ಕ್ಯಾಮ್ ಎಂಬ ಸಾಧನ ಹಾಕಿ ಹತ್ತುವವರಂತೂ ಒದ್ದೆ ಕಲ್ಲಿನಲ್ಲಿ ಹತ್ತಲೇಬಾರದು. ಬಿದ್ದ ಏಟಿಗೆ ಕ್ಯಾಮಿನ ಹಲ್ಲು ಬಿರುಕಿನ ಅಂಚನ್ನೇ ಪುಡಿ ಮಾಡಿಕೊಂಡು ಹೊರಬರಬಹುದು.

ಒಳಗೆ ತೇವ ಉಳಿದಿದೆಯೇ ಎಂದು ತಿಳಿಯಲು ಕಲ್ಲನ್ನಲ್ಲ, ಬುಡದ ಮಣ್ಣನ್ನು ನೋಡಿ. ಗೋಡೆಯ ಕೆಳಗೆ ಮರಳುಮಣ್ಣನ್ನು ನಾಲ್ಕು ಬೆರಳು ಆಳ ತೋಡಿ, ಒಂದು ಹಿಡಿ ತೆಗೆದು ಮುಷ್ಟಿ ಬಿಗಿ ಮಾಡಿ. ಉಂಡೆ ಕಟ್ಟಿದರೆ ಆ ದಿನ ಹಗ್ಗ ಬಿಚ್ಚಬೇಡಿ. ಬೆರಳ ಸಂದಿಯಿಂದ ಉದುರಿದರೆ ಮುಂದಿನ ಪರೀಕ್ಷೆ: ಕಲ್ಲಿನ ಹಿಡಿಯ ಮೇಲೆ, ಹತ್ತುವಾಗ ಕೈಬೆವರಿಗೆ ಹಚ್ಚುವ ಚಾಕ್ ಪುಡಿಯನ್ನು ಚಿಟಿಕೆಯಷ್ಟು ಉಜ್ಜಿ ಐದು ನಿಮಿಷ ಬಿಡಿ. ಬೆಳ್ಳಗೆ ಉಳಿದರೆ ಸರಿ, ಬೂದಿ ಬಣ್ಣಕ್ಕೆ ತಿರುಗಿ ಹಿಟ್ಟಿನಂತೆ ಅಂಟಿಕೊಂಡರೆ ಕಲ್ಲು ಇನ್ನೂ ನೀರು ಬಿಡುತ್ತಿದೆ. ಕೊನೆಗೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟಣ್ ಎಂದರೆ ಗಟ್ಟಿ. ಬಲಿತ ಹಲಸಿನಕಾಯಿ ತಟ್ಟಿದಂತೆ ಡಬ್ ಎಂದರೆ ಆ ಚಕ್ಕೆಯ ಹಿಂದೆ ಪೊಳ್ಳಿದೆ, ಮುಟ್ಟಬೇಡಿ.

ಕಾಯುವ ಲೆಕ್ಕ ಹೀಗಿಟ್ಟುಕೊಳ್ಳಿ. ತುಂತುರಾದರೆ ಒಂದು ಪೂರ್ತಿ ಬಿಸಿಲ ದಿನ. ಒಂದು ಗಂಟೆ ಹೊಯ್ದರೆ ಎರಡು ದಿನ. ಎರಡು ಸಂಜೆ ಬೆನ್ನುಬೆನ್ನಿಗೆ ಹೊಯ್ದರೆ ಮೂರು ದಿನ. ಉತ್ತರಕ್ಕೆ ಮುಖ ಮಾಡಿದ ಗೋಡೆಗೆ ಇನ್ನೊಂದು ದಿನ ಸೇರಿಸಿ, ಅಲ್ಲಿಗೆ ಬಿಸಿಲೇ ತಾಗುವುದಿಲ್ಲ. ಮೇಲಿನ ಗುಡ್ಡದಿಂದ ನೀರು ಒಸರುವ ಕಪ್ಪು ಗೆರೆಗಳ ಮೇಲಿನ ದಾರಿಗಳನ್ನು ಚಿತ್ತೆಯಲ್ಲಿ ಮರೆತುಬಿಡಿ.

ಖರ್ಚಿನ ವಿಷಯವೂ ಇಲ್ಲೇ ಇದೆ. ಐದು ದಿನಕ್ಕೆ ಹೋದವರಿಗೆ ಎರಡನೇ ಸಂಜೆ ಒಂದು ಗಂಟೆ ಮಳೆ ಬಿದ್ದರೆ ಮೂರನೆಯ, ನಾಲ್ಕನೆಯ ದಿನ ಹೋಯಿತು. ರೂಮಿನ ಬಾಡಿಗೆ, ಊಟ, ಆಟೊ ಐದು ದಿನದ್ದೇ, ಹತ್ತಿದ್ದು ಮೂರು ದಿನ. ಮತ್ತೊಂದು ಸಂಜೆ ಸುರಿದರೆ ಉಳಿಯುವುದು ಗುಹೆ ದೇವಾಲಯ ನೋಡುವುದು, ಬನಶಂಕರಿಗೆ ಹೋಗಿ ಬುಟ್ಟಿಯವರ ಹತ್ತಿರ ರೊಟ್ಟಿ-ಮೊಸರು ತಿನ್ನುವುದು. ಅದೂ ಚೆನ್ನಾಗಿರುತ್ತದೆ, ಆದರೆ 60 ಮೀಟರ್ ಹಗ್ಗ ಹೊತ್ತುಕೊಂಡು ಹೋದದ್ದು ಅದಕ್ಕಲ್ಲ.

ಮಳೆಯ ಮಾರನೇ ದಿನ ದಾರಿಯ ಎರೆಮಣ್ಣು ಮೆಟ್ಟಿಗೆ ಕಿಲೋಗಟ್ಟಲೆ ಹತ್ತುತ್ತದೆ. ಬುಡದಲ್ಲಿ ಹಾಸಲು ಒಂದು ಗೋಣಿತಾಟು ಒಯ್ಯಿರಿ, ಇಲ್ಲದಿದ್ದರೆ ಅದೇ ಕೆಸರು ಕ್ಲೈಂಬಿಂಗ್ ಶೂಗೂ, ಅಲ್ಲಿಂದ ಹಿಡಿಗಳಿಗೂ ಹೋಗುತ್ತದೆ.

ರಜೆ ಸಿಗುವುದೇ ದಸರೆಯಲ್ಲಿ ಎನ್ನುವವರು ಹಂಪಿಗೆ ಹೋಗಿ. ಅಲ್ಲಿಯದು ಗ್ರಾನೈಟ್, ನೀರು ಒಳಗೆ ಇಳಿಯುವುದಿಲ್ಲ, ಮಳೆ ನಿಂತು ಬಿಸಿಲು ಬಿದ್ದ ಒಂದೆರಡು ಗಂಟೆಯಲ್ಲಿ ಹತ್ತಬಹುದು. ಆದರೆ ಅಕ್ಟೋಬರ್ ಬಿಸಿಲಿಗೆ ಗ್ರಾನೈಟ್ ಕಾದ ಕಾವಲಿ, ಬೆರಳ ಚರ್ಮ ಎರಡೇ ದಿನಕ್ಕೆ ಸವೆಯುತ್ತದೆ. ಬೆಳಿಗ್ಗೆ ಆರೂವರೆಯಿಂದ ಒಂಬತ್ತು, ಸಂಜೆ ನಾಲ್ಕೂವರೆಯ ಮೇಲೆ, ಅಷ್ಟೇ.

ಸ್ವಾತಿ ಅರ್ಧ ಒಳ್ಳೆಯದು. ಹನಿ ಚಿಪ್ಪಿಗೆ ಬಿದ್ದರೆ ಮುತ್ತಾಗುತ್ತದೆ ಎನ್ನುತ್ತಾರೆ, ಮರಳುಗಲ್ಲಿಗೆ ಬಿದ್ದರೆ ಮೇಲೆ ಹೇಳಿದ್ದೇ ಕಥೆ. ಮಳೆ ಅಪರೂಪವಾಗುತ್ತದೆ, ಆದರೆ ನೆಲದೊಳಗೆ ಚಿತ್ತೆಯ ತೇವ ಉಳಿದಿರುತ್ತದೆ. ನವೆಂಬರ್ 1ರ ರಾಜ್ಯೋತ್ಸವದ ರಜೆಗೆ ಶನಿವಾರ-ಭಾನುವಾರ ಕೂಡಿಕೊಂಡರೆ ಊರು ತುಂಬ ಪ್ರವಾಸಿಗರು.

ದೀಪಾವಳಿ ಯಾವ ನಕ್ಷತ್ರದಲ್ಲಿ ಬಂದರೂ ಆ ವಾರ ನಮಗೆ ಲೆಕ್ಕಕ್ಕಿಲ್ಲ. ಘಟ್ಟದ ಮೇಲಿನವರಿಗೆ ಅದು ದೊಡ್ಡಹಬ್ಬ, ಗೋಪೂಜೆ ಬಿಟ್ಟು ಹಗ್ಗ ಹೊತ್ತು ಹೊರಟರೆ ಮನೆಯಲ್ಲಿ ಉಳಿಗಾಲವಿಲ್ಲ. 2026ರಲ್ಲಿ ಹಬ್ಬ ನವೆಂಬರ್ 8ಕ್ಕೆ ಶುರುವಾಗಿ 10ರ ಪಾಡ್ಯಕ್ಕೆ ಮುಗಿಯುತ್ತದೆ. ಅಂದರೆ ವಿಶಾಖೆಯ ಮೊದಲರ್ಧ ಹಬ್ಬಕ್ಕೆ ಹೋಯಿತು, 14ರಿಂದ ದಾರಿ ಮುಕ್ತ.

ಇನ್ನು ವಿಶಾಖೆಯ ಕೊನೆ, ಅನುರಾಧೆಯ ಮೊದಲು. ಗೋಡೆಯ ಬುಡದ ಮಣ್ಣು ಆಗ ಪುಡಿಪುಡಿ. ಹಗಲು 30 ಡಿಗ್ರಿಯ ಆಸುಪಾಸು, ರಾತ್ರಿ 17-18. ಬಿಸಿಲಲ್ಲಿ ಹತ್ತುವಷ್ಟು ತಂಪು ಬಾದಾಮಿಯಲ್ಲಿ ಡಿಸೆಂಬರ್‌ನಲ್ಲೂ ಇರುವುದಿಲ್ಲ, ಹಾಗಾಗಿ ನೆರಳು ಹುಡುಕುವುದೇ ಕೆಲಸ. ನವೆಂಬರ್ 20ರ ಹೊತ್ತಿಗೆ ನಡುಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಅಕ್ಟೋಬರ್ 20ಕ್ಕೆ ಅದೇ ಸೂರ್ಯ 64 ಡಿಗ್ರಿಯಲ್ಲಿದ್ದ. ಈ ಹತ್ತು ಡಿಗ್ರಿ ವಾಲಿದ್ದರಿಂದ ಉತ್ತರಮುಖದ ಗೋಡೆಗೆ ನೆರಳು ಗಟ್ಟಿಯಾಗುತ್ತದೆ, ದಕ್ಷಿಣಮುಖದ್ದು ಇನ್ನಷ್ಟು ಕಾಯುತ್ತದೆ. ಪೂರ್ವಮುಖದ್ದನ್ನು ಮಧ್ಯಾಹ್ನಕ್ಕೆ, ಪಶ್ಚಿಮಮುಖದ್ದನ್ನು ಬೆಳಿಗ್ಗೆಗೆ ಇಟ್ಟುಕೊಳ್ಳಿ. ಬೆಳಕು ಆರೂವರೆಗೆ, ಕತ್ತಲು ಆರಕ್ಕೆ. ತಲೆದೀಪ ಚೀಲದಲ್ಲಿರಲಿ.

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂಬ ಸುದ್ದಿ ಈ ವಾರಗಳಲ್ಲೂ ಬರುತ್ತದೆ. ಅದಕ್ಕೆ ಕೂಡಲೇ ಟಿಕೆಟ್ ರದ್ದು ಮಾಡಬೇಡಿ. ಬಹಳ ಸಲ ಬಾದಾಮಿಗೆ ಬರುವುದು ಮಳೆಯಲ್ಲ, ಎರಡು ದಿನದ ಮೋಡ. ಹತ್ತುವವರಿಗೆ ಅದು ಪುಕ್ಕಟೆ ಚಪ್ಪರ.

ಈ ವಾರಗಳ ದೋಷ ಹೆಜ್ಜೇನು. ಹಿಂಗಾರು ಪೈರು ಹೂವಿನತ್ತ ಸಾಗಿದಂತೆ ಚಾಚುಬಂಡೆಗಳ ಕೆಳಗೆ ತಟ್ಟಿಗಳು ಹೆಚ್ಚುತ್ತವೆ. ದೂರದಿಂದ ಕಪ್ಪು ಕಂಬಳಿ ನೇತುಹಾಕಿದಂತೆ ಕಾಣುತ್ತದೆ, ಹತ್ತಿರ ಹೋದರೆ ಅದರ ಮೈಮೇಲೆ ಅಲೆ ಓಡುವುದು ಕಾಣುತ್ತದೆ. ತಟ್ಟಿಯ ಕೆಳಗಿನ ದಾರಿ ಮಾತ್ರವಲ್ಲ, ಅದರ ಎರಡೂ ಪಕ್ಕದ ದಾರಿಗಳೂ ಬೇಡ. ಸೆಂಟು ಬೇಡ, ಬೀಡಿ-ಸಿಗರೇಟು ಬೇಡ, ಮೇಲಿನಿಂದ ಕೂಗಾಟ ಬೇಡ. ಹಗ್ಗಕ್ಕೆ ತೂಗಿಕೊಂಡವರು ಓಡಲಾರರು ಎಂಬುದು ಇಲ್ಲಿನ ನಿಜವಾದ ಅಪಾಯ. ಆದ್ದರಿಂದ ಬಿಲೇ ಮಾಡುವವರು, ಅಂದರೆ ಕೆಳಗೆ ಹಗ್ಗ ಹಿಡಿದವರು, ಮೇಲಿನವರನ್ನು ಒಂದೇ ಇಳಿತಕ್ಕೆ ನೆಲಕ್ಕೆ ತರುವಷ್ಟು ಹಗ್ಗ ಬಿಡಿಸಿಟ್ಟಿರಬೇಕು, ತುದಿಗೆ ಗಂಟು ಹಾಕಿರಬೇಕು. ಹುಳ ಎದ್ದರೆ ಸಾಮಾನು ಅಲ್ಲೇ ಬಿಟ್ಟು ಮುಖ ಮುಚ್ಚಿಕೊಂಡು ಓಡಿ, ಕತ್ತಲಾದ ಮೇಲೆ ಬಂದು ತನ್ನಿ.

ಮಂಗಗಳ ಬಗ್ಗೆ ಒಂದೇ ಮಾತು: ಬಾಳೆಹಣ್ಣು ಚೀಲದಲ್ಲಿದ್ದರೆ ಚೀಲವೂ ಅವುಗಳದ್ದೇ.

ಡಿಸೆಂಬರ್‌ಗೆ ಅಭಿಮಾನಿಗಳು ಬಹಳ. ನವೆಂಬರ್ ಕೊನೆಗೆ ಹೋಲಿಸಿದರೆ ಹಗಲಿಗೆ ಒಂದೆರಡು ಡಿಗ್ರಿ ಕಡಿಮೆ, ಕೈ ಬೆವರುವುದು ಕಡಿಮೆ, ಒಪ್ಪಿದೆ. ಬೆರಳ ತುದಿಯ ಹಿಡಿಗಳ ಮೇಲೆ ಕಷ್ಟದ ದಾರಿಗೆ ತಿಂಗಳುಗಟ್ಟಲೆ ಹೋರಾಡುವವರಿಗೆ ಆ ಎರಡು ಡಿಗ್ರಿ ಮುಖ್ಯ. ವರ್ಷಕ್ಕೊಮ್ಮೆ ಹೋಗುವವರಿಗೆ ಗೊತ್ತೂ ಆಗದು. ಅದಕ್ಕೆ ಕೊಡುವ ಬೆಲೆ ಬಾದಾಮಿ-ಐಹೊಳೆ-ಪಟ್ಟದಕಲ್ಲಿಗೆ ಬರುವ ಶಾಲಾ ಪ್ರವಾಸದ ಬಸ್ಸುಗಳು, ಸಿಗದ ರೂಮು, ಗೋಡೆಯ ಬುಡದಲ್ಲಿ ಸರದಿ. ಇದಕ್ಕೆಲ್ಲ ಮಿಗಿಲಾಗಿ ಶಿರಸಿ-ಸಿದ್ದಾಪುರದವರಿಗೆ ಆಗ ಅಡಿಕೆ ಕೊಯ್ಲು. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡ ಬರುತ್ತೇನೆಂದ ದಿನ ಮನೆಯವರು ಬಂಡೆ ಹತ್ತಲು ಹೋಗಿದ್ದಾರೆ ಎಂದರೆ ಊರಲ್ಲಿ ನಗುತ್ತಾರೆ. ತೋಟವಿಲ್ಲದ ಕಾರವಾರದವರು ಡಿಸೆಂಬರ್ ಮೊದಲ ವಾರವನ್ನು ನೋಡಬಹುದು, ವಾರದ ನಡುವಿನ ದಿನಗಳಾದರೆ.

ದುಬೈ, ಮಸ್ಕತ್ ಕಡೆ ಕೆಲಸದಲ್ಲಿರುವ ಭಟ್ಕಳ-ಹೊನ್ನಾವರದವರು ನಿಜವಾದ ಮರುಭೂಮಿಗೆ, ಜೋರ್ಡನಿನ ವಾದಿ ರಮ್‌ಗೆ ಹೋಗುವುದಾದರೆ ಈ ಲೆಕ್ಕ ತಿರುಗಿ ಬೀಳುತ್ತದೆ. ಅಲ್ಲಿ ಒಣಗುವ ಕಾಲ ಕೊನೆಗಲ್ಲ, ಮೊದಲಿಗೆ. ಬೇಸಿಗೆ ಇಡೀ ಒಣಗಿದ ಕಲ್ಲು ಅಕ್ಟೋಬರ್ ಮೊದಲಲ್ಲಿ ಸಿಗುತ್ತದೆ, ತಿಂಗಳ ಕೊನೆಯಿಂದ ಮಳೆಯ ಭಯ. 2018ರ ಅಕ್ಟೋಬರ್ 25ಕ್ಕೆ ಮೃತ ಸಮುದ್ರದ ಬಳಿ, ನವೆಂಬರ್ 9ಕ್ಕೆ ಪೆಟ್ರಾ ಸುತ್ತ ಹಠಾತ್ ಪ್ರವಾಹ ನುಗ್ಗಿದ್ದು ಆ ಕಾಲದಲ್ಲೇ. ಕಲ್ಲೂ ಬಾದಾಮಿಗಿಂತ ಮೆತ್ತಗೆ, ಒದ್ದೆ ಕಲ್ಲಿನ ನಿಯಮ ಅಲ್ಲಿ ಇನ್ನೂ ಬಿಗಿ.

ಹೊರಡುವ ಮುನ್ನ ಸಾಮಾನು. ಮಳೆಗಾಲ ಪೂರ್ತಿ ಕಪಾಟಿನಲ್ಲಿದ್ದ ಹಾರ್ನೆಸ್ (ಸೊಂಟಕ್ಕೆ ಕಟ್ಟುವ ಪಟ್ಟಿ), ಶೂಗಳಿಗೆ ನಮ್ಮ ಕಡೆ ಬೂಷ್ಟು ಹಿಡಿಯದೆ ಇರುವುದಿಲ್ಲ. ನವೆಂಬರ್ ಮೊದಲ ವಾರ ಎಲ್ಲವನ್ನೂ ಹೊರತೆಗೆಯಿರಿ. ಹಗ್ಗ, ಪಟ್ಟಿಗಳನ್ನು ಉಗುರುಬೆಚ್ಚಗಿನ ನೀರಲ್ಲಿ ಸೌಮ್ಯ ಸೋಪು ಹಾಕಿ ತೊಳೆದು ನೆರಳಲ್ಲಿ ಎರಡು-ಮೂರು ದಿನ ಒಣಗಿಸಿ. ಬಚ್ಚಲೊಲೆಯ ಮೇಲೆ ಬಟ್ಟೆ ಒಣಗಿಸುವ ಗಳಕ್ಕೆ ಮಾತ್ರ ಹಾಕಬೇಡಿ, ನೈಲಾನಿಗೆ ಆ ಶಾಖ ಆಗದು. ಕರಾವಳಿಯವರು ಕ್ಯಾರಬೈನರುಗಳ, ಅಂದರೆ ಹಗ್ಗ ಸಿಕ್ಕಿಸುವ ಲೋಹದ ಕೊಂಡಿಗಳ, ಬಾಗಿಲನ್ನು ಒಂದೊಂದಾಗಿ ಒತ್ತಿ ನೋಡಿ. ಉಪ್ಪುಗಾಳಿಗೆ ಬಿಳಿ ಪುಡಿ ಕಟ್ಟಿ ಬಾಗಿಲು ಅರ್ಧಕ್ಕೇ ನಿಲ್ಲುತ್ತಿದ್ದರೆ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಕೀಲಿಗೆ ಒಂದು ಹನಿ ಎಣ್ಣೆ. ಲೋಹದಲ್ಲೇ ಗುಳಿ ಬಿದ್ದಿದ್ದರೆ ತೆಗೆದು ಬಿಸಾಕಿ, ಕೀಲಿಕೈ ಗೊಂಚಲಿಗೂ ಇಟ್ಟುಕೊಳ್ಳಬೇಡಿ, ಯಾರಾದರೂ ಮತ್ತೆ ಹಗ್ಗಕ್ಕೆ ಹಾಕಿಯಾರು.

ಭಾನುವಾರ ಬೆಳಿಗ್ಗೆ ಹೊರಡಿ. ಶಿರಸಿಯಿಂದ ಮುಂಡಗೋಡ ಮೇಲೆ, ಕಾರವಾರದಿಂದ ಅಂಕೋಲಾ, ಅರಬೈಲು ಘಟ್ಟ, ಯಲ್ಲಾಪುರ ಮೇಲೆ ಹುಬ್ಬಳ್ಳಿ. ಅಲ್ಲಿಂದ ನವಲಗುಂದ, ನರಗುಂದ, ಕುಳಗೇರಿ ಕ್ರಾಸ್ ದಾರಿಯ ಬಸ್ಸು, ಇಲ್ಲವೇ ಗದಗ ಮೇಲಿನ ರೈಲು. ರೈಲು ನಿಲ್ದಾಣ ಊರಿಂದ ಸುಮಾರು 5 ಕಿಲೋಮೀಟರ್ ದೂರ, ಆಟೊ ಬೇಕು. ಭಾನುವಾರದ ಪ್ರವಾಸಿಗರು ಹೊರಡುವ ಹೊತ್ತಿಗೆ ನೀವು ರೂಮು ಕೇಳುತ್ತೀರಿ, ಬಾಡಿಗೆ ಮಾತಾಡಲು ಅದೇ ಸಮಯ. ಸ್ಮಾರಕಗಳಿರುವ ಬಂಡೆಗಳನ್ನು ಮುಟ್ಟಬೇಡಿ. ಹತ್ತಲು ಎಲ್ಲಿ ಬಿಡುತ್ತಾರೆ, ಹೆಜ್ಜೇನು ಈ ವರ್ಷ ಎಲ್ಲಿ ಕೂತಿದೆ ಎಂದು ಊರಿನ ಕ್ಲೈಂಬಿಂಗ್ ಹುಡುಗರನ್ನು ಅದೇ ಸಂಜೆ ಕೇಳಿಕೊಳ್ಳಿ. ಸೋಮವಾರದಿಂದ ಗುರುವಾರ ಹತ್ತಿ, ನಡುವೆ ಬುಧವಾರ ಬೆರಳಿಗೆ ಅರ್ಧ ದಿನ ರಜೆ ಕೊಟ್ಟು, ಶುಕ್ರವಾರ ಬೆಳಗಿನ ಬಸ್ಸಿಗೆ ಕೂತರೆ ಶನಿವಾರದ ಜನ ಬರುವಷ್ಟರಲ್ಲಿ ನೀವು ಮನೆಯಲ್ಲಿರುತ್ತೀರಿ.