ಎರಡು ಕ್ಯಾಪ್ಸೂಲು, ಲೆಕ್ಕಕ್ಕೆ ಸಿಗದ ಕೆಫೀನು

ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವವಳು ನಾನು. ಜೊತೆಯಲ್ಲಿರುವವರು ಹೊಗಳಿದರು ಅಂತ ಈ ಎನರ್ಜಿ ಕ್ಯಾಪ್ಸೂಲನ್ನು ತರಿಸಿಕೊಂಡೆ. ಕಣ್ಣು ಎಳೆಯುವುದು ನಿಲ್ಲುತ್ತದೆಯೇ ಅಂದರೆ, ಹೌದು, ನಿಲ್ಲುತ್ತದೆ. ಆದರೂ ನಾನು ಕೊಡುವುದು ಐದಕ್ಕೆ ಎರಡೇ ಅಂಕ. ಕಾರಣ ಡಬ್ಬಿಯ ಹಿಂಬದಿಯಲ್ಲಿದೆ.

ಮುಂಬದಿಯಲ್ಲಿ ದಪ್ಪ ಅಕ್ಷರದಲ್ಲಿರುವುದು ವಿಟಮಿನ್ ಬಿ12. ಒಂದು ಸಲದ ಪ್ರಮಾಣದಲ್ಲಿ, ಅಂದರೆ ಎರಡು ಕ್ಯಾಪ್ಸೂಲಿನಲ್ಲಿ, 1000 ಮೈಕ್ರೋಗ್ರಾಂ, ಅಂದರೆ ದಿನದ ಅಗತ್ಯದ 41,667 ಶೇಕಡಾ! ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 2.4 ಮೈಕ್ರೋಗ್ರಾಂ ಮಾತ್ರ. ಇಷ್ಟು ದೊಡ್ಡ ಡೋಸಿನಲ್ಲಿ ದೇಹ ಹೀರಿಕೊಳ್ಳುವುದೂ ನೂರಕ್ಕೆ ಒಂದು ಪಾಲಿನ ಆಸುಪಾಸು. ಬಿ12 ಕೊರತೆ ಇದ್ದವರ ದಣಿವು ಇದರಿಂದ ಇಳಿಯಬಹುದು. ಕೊರತೆ ಇಲ್ಲದವರಿಗೆ ಹೆಚ್ಚುವರಿ ಹುರುಪೇನೂ ಬರುವುದಿಲ್ಲ.

ಹಾಗಾದರೆ ಎಚ್ಚರ ಇಡುತ್ತಿರುವುದು ಯಾವುದು? ಕೆಳಗೆ ಸಣ್ಣಕ್ಷರದಲ್ಲಿ 'ಎನರ್ಜಿ ಬ್ಲೆಂಡ್ 800 ಮಿಲಿಗ್ರಾಂ' ಅಂತಿದೆ. ಅದರೊಳಗೆ ಗ್ವಾರಾನಾ (ದಕ್ಷಿಣ ಅಮೆರಿಕದ ಒಂದು ಬಳ್ಳಿಯ ಬೀಜ), ಹಸಿರು ಚಹಾದ ಸಾರ, ಯೆರ್ಬಾ ಮಾತೆ (ಅಲ್ಲಿಯವರು ಚಹಾದಂತೆ ಕುಡಿಯುವ ಎಲೆ), ಟಾರಿನ್ (ಒಂದು ಅಮೈನೋ ಆಮ್ಲ), ಜಿನ್ಸೆಂಗ್ (ಒಂದು ಬೇರು). ಮೊದಲ ಮೂರರಲ್ಲೂ ಕೆಫೀನ್ ಇದೆ. ಗ್ವಾರಾನಾ ಬೀಜದಲ್ಲಂತೂ ಕಾಫಿ ಬೀಜಕ್ಕಿಂತ ಜಾಸ್ತಿ. ಆದರೆ ಕೆಫೀನ್ ಎಂಬ ಹೆಸರೇ ಲೇಬಲ್ಲಿನಲ್ಲೆಲ್ಲೂ ಇಲ್ಲ. ಸಾರ ಎಷ್ಟು ಗಟ್ಟಿ ಅನ್ನುವುದರ ಮೇಲೆ ಅದು 40 ಮಿಲಿಗ್ರಾಂ ಇದ್ದೀತು, 150 ಇದ್ದರೂ ಇದ್ದೀತು. ಅಮೆರಿಕದ ನಿಯಮದಲ್ಲಿ ಇಂಥ ಮಿಶ್ರಣದ ಒಟ್ಟು ತೂಕ ಬರೆದು, ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಜೋಡಿಸಿದರೆ ಸಾಕು, ಒಂದೊಂದರದ್ದೂ ಬೇರೆ ಹೇಳಬೇಕಿಲ್ಲ. ನಿಯಮ ಬಿಟ್ಟುಕೊಟ್ಟಿದೆ ಅಂತ ಗ್ರಾಹಕರಿಂದ ಮುಚ್ಚಿಡುವುದು ಸರಿಯಲ್ಲ.

ಯಾಕೆಂದರೆ ಈ ಅಂಕಿ ನಮಗೆ ಬೇಕೇ ಬೇಕು. ಆರೋಗ್ಯವಂತ ವಯಸ್ಕರಿಗೆ ಎಲ್ಲ ಮೂಲದ್ದೂ ಸೇರಿ ದಿನಕ್ಕೆ 400 ಮಿಲಿಗ್ರಾಂ, ಒಂದೇ ಸಲಕ್ಕಾದರೆ 200 ಮಿಲಿಗ್ರಾಂ ಕೆಫೀನ್‌ವರೆಗೆ ಚಿಂತೆಯಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿತು. ಗರ್ಭಿಣಿಯರಿಗೆ ಇಡೀ ದಿನಕ್ಕೇ 200. ಪಾಳಿಯ ನಡುವೆ ಕಾಫಿ ಕುಡಿಯುವವರು ಈ ಲೆಕ್ಕ ಹಾಕುವುದು ಹೇಗೆ? ಕುಡಿದ ಕೆಫೀನಿನ ಅರ್ಧ ಭಾಗ ಸುಮಾರು ಐದು ಗಂಟೆ ಕಳೆದ ಮೇಲೂ ಮೈಯಲ್ಲಿ ಉಳಿದಿರುತ್ತದೆ. ಬೆಳಗ್ಗೆ ಮನೆಗೆ ಬಂದು ಮಲಗಬೇಕಾದವರಿಗೆ ಇದು ನಿದ್ದೆಯ ಪ್ರಶ್ನೆ, ಎದೆಬಡಿತ ಏರುಪೇರಾಗುವವರಿಗೆ ಅದಕ್ಕಿಂತ ದೊಡ್ಡದು.

ವಿಟಮಿನ್ ಬಿ6 ಬಗ್ಗೆಯೂ ಒಂದು ಮಾತು. ಇದರಲ್ಲಿ 50 ಮಿಲಿಗ್ರಾಂ ಇದೆ. ದೊಡ್ಡವರಿಗೆ ಅಮೆರಿಕದ ಮೇಲ್ಮಿತಿ ದಿನಕ್ಕೆ 100, ಯುರೋಪಿನವರು 2023ರಲ್ಲಿ ಇಟ್ಟದ್ದು ಬರೀ 12. ಬಹಳ ಕಾಲ ಅತಿಯಾಗಿ ತೆಗೆದುಕೊಂಡರೆ ನರಗಳಿಗೆ ಪೆಟ್ಟು ಬಿದ್ದು ಕೈಕಾಲು ಜುಮ್ಮೆನ್ನತೊಡಗುತ್ತದೆ. ಜೊತೆಗೆ ಮಲ್ಟಿವಿಟಮಿನ್ ನುಂಗುವವರು ಎರಡೂ ಲೇಬಲ್ಲುಗಳ ಬಿ6 ಕೂಡಿಸಿ ನೋಡಲೇಬೇಕು.

ಮೆಚ್ಚಿದ್ದೂ ಇದೆ. ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಅಳಿಸದಂತೆ ಅಚ್ಚಾಗಿವೆ, ಅಲರ್ಜಿ ಮಾಹಿತಿ ಸ್ಪಷ್ಟವಾಗಿದೆ, ಕ್ಯಾಪ್ಸೂಲಿನ ಹೊರಕವಚ ಸಸ್ಯಮೂಲದ್ದು ಅಂತಲೂ ಬರೆದಿದ್ದಾರೆ. ಎರಡು ಅಂಕ ಇದಕ್ಕೇ.

ಕೆಫೀನ್ ಎಷ್ಟೆಂದು ಕೇಳಿ ಕಂಪನಿಗೆ ಬರೆದೆ. ಮಿಶ್ರಣದ ವಿವರ ಕೊಡುವುದಿಲ್ಲ ಅಂತ ಉತ್ತರ ಬಂತು. ಒಂದು ಸಲದ ಪ್ರಮಾಣದಲ್ಲಿರುವ ಒಟ್ಟು ಕೆಫೀನನ್ನು ಮಿಲಿಗ್ರಾಂನಲ್ಲಿ ಅಚ್ಚು ಹಾಕುವವರೆಗೆ ಇದನ್ನು ನಾನು ಮತ್ತೆ ಕೊಳ್ಳುವುದಿಲ್ಲ.