ಒಂದೇ ಡಿಸ್ಕ್, ಹಲವು ಸೆಟ್ಟಿಂಗ್: ನನ್ನ ವಿಎಂ ಯಾಕೆ ತೆವಳುತ್ತಿತ್ತು

ಮನೆಯ ಹಳೇ ಡೆಸ್ಕ್‌ಟಾಪ್‌ನಲ್ಲಿ ಡೆಬಿಯನ್ ಲಿನಕ್ಸ್ ಇದೆ, ಅದರ ಮೇಲೆ ಕೆವಿಎಂ, ಅಂದರೆ ಒಂದು ಕಂಪ್ಯೂಟರ್ ಒಳಗೆ ಇನ್ನೊಂದನ್ನು ಓಡಿಸುವ ಸಾಫ್ಟ್‌ವೇರ್. ಹೊರಗಿನ ಯಂತ್ರ ಹೋಸ್ಟ್, ಒಳಗಿನದು ಗೆಸ್ಟ್. ಒಳಗೆ ಎರಡು ವಿಎಂ, ಅಂದರೆ ವರ್ಚುವಲ್ ಮಷೀನ್. ಒಂದು ವಿಂಡೋಸ್ 10, ನುಡಿಯಲ್ಲಿ ಟೈಪ್ ಮಾಡಿದ ಹಳೇ ಫೈಲ್‌ಗಳನ್ನು ತೆರೆಯುವುದಕ್ಕೆ. ಇನ್ನೊಂದು ಪೋಸ್ಟ್‌ಗ್ರೆಸ್ ಡೇಟಾಬೇಸ್ ಕಲಿಯುವುದಕ್ಕೆ. ಎರಡೂ 7200 ಆರ್‌ಪಿಎಂನ ಒಂದೇ ಹಾರ್ಡ್ ಡಿಸ್ಕ್ ಮೇಲೆ ಕೂತಿದ್ದವು.

ವಿಂಡೋಸ್ ಏಳುವಷ್ಟರಲ್ಲಿ ಕಾಫಿ ಕುಡಿದು ಲೋಟ ತೊಳೆದಿಡಬಹುದಿತ್ತು. ಸಿಪಿಯುಗೆ ಕೆಲಸವೇ ಇಲ್ಲ. ಹೋಸ್ಟ್‌ನಲ್ಲಿ ಡಿಸ್ಕಿನ ಕೆಲಸ ತೋರಿಸುವ ಐಒಸ್ಟ್ಯಾಟ್ ಹಾಕಿ ನೋಡಿದರೆ ಡಿಸ್ಕ್ ಮಾತ್ರ 100 ಪರ್ಸೆಂಟ್ ಬಿಝಿ. ಸರಿ, ಒಂದೊಂದೇ ಸೆಟ್ಟಿಂಗ್ ಬದಲಿಸಿ ಹೋಲಿಸೋಣ ಅಂತ ಕೂತೆ.

ಮೊದಲ ದಿನ ವ್ಯರ್ಥವಾಯಿತು. ಡೇಟಾ ನಕಲು ಮಾಡುವ ಡಿಡಿ ಕಮಾಂಡ್‌ನಿಂದ ಡಿಸ್ಕಿನ ವೇಗ ಅಳೆದೆ. ಬಂದ ವೇಗ ನೋಡಿದರೆ ಆ ಹಾರ್ಡ್ ಡಿಸ್ಕ್‌ಗೆ ರೆಕ್ಕೆ ಬಂದಿರಬೇಕು! ನಾನು ಅಳೆದದ್ದು ಡಿಸ್ಕನ್ನಲ್ಲ, ರ್‍ಯಾಮನ್ನು. ಆಮೇಲೆ ಡಿಸ್ಕ್ ವೇಗ ಅಳೆಯುವುದಕ್ಕೇ ಇರುವ ಫಿಯೋ ಹಿಡಿದೆ: 4 ಕೆಬಿ ತುಣುಕುಗಳು, ಅಲ್ಲಲ್ಲಿ ಚದುರಿದ ಬರಹ, ಪೇಜ್ ಕ್ಯಾಶ್ (ಡಿಸ್ಕಿನ ಡೇಟಾವನ್ನು ಓಎಸ್ ರ್‍ಯಾಮ್‌ನಲ್ಲಿ ಇಟ್ಟುಕೊಳ್ಳುವ ಜಾಗ) ತಪ್ಪಿಸಿ. ಅಳೆಯುವಾಗ ಇನ್ನೊಂದು ವಿಎಂ ಆಫ್.

ಎಲ್ಲರೂ ಮೊದಲು ಹೇಳುವುದು ವಿಎಂಗೆ ಡಿಸ್ಕ್ ಜೋಡಿಸುವಾಗ ಸಾಟಾ ಬಿಟ್ಟು ವರ್ಟ್‌ಐಒ ಹಾಕು ಅಂತ. ಕಾರಣ ಸರಿಯಾಗಿಯೇ ಇದೆ. ಸಾಟಾ ಅಂದರೆ ಕ್ಯೂಎಂಯು (ಕೆವಿಎಂ ಜೊತೆ ಸೇರಿ ವಿಎಂಗೆ ಯಂತ್ರದ ಭಾಗಗಳ ವೇಷ ಹಾಕುವ ಸಾಫ್ಟ್‌ವೇರ್) ಒಂದು ನಿಜವಾದ ಕಂಟ್ರೋಲರ್‌ನಂತೆ ನಟಿಸಬೇಕು. ವರ್ಟ್‌ಐಒದಲ್ಲಿ ಗೆಸ್ಟ್‌ಗೆ ತಾನು ವಿಎಂ ಅಂತ ಗೊತ್ತಿರುತ್ತದೆ. ಬೇಕಾದ್ದನ್ನೆಲ್ಲ ಹಂಚಿಕೊಂಡ ಮೆಮೊರಿಯಲ್ಲಿ ಸಾಲಾಗಿ ಇಟ್ಟು ಒಂದು ಸಲ ಕೂಗಿದರೆ ಸಾಕು. ಆದರೆ ನನ್ನ ಹಾರ್ಡ್ ಡಿಸ್ಕ್ ಮೇಲೆ ವ್ಯತ್ಯಾಸ ಅಷ್ಟಕ್ಕಷ್ಟೇ. ಡಿಸ್ಕಿನ ಹೆಡ್ ಓಡಾಡುವುದಕ್ಕೇ ಮಿಲಿಸೆಕೆಂಡುಗಳು ಹೋಗುವಾಗ ನಡುವಿನ ವರ್ಟ್‌ಐಒ ಉಳಿಸುವ ಮೈಕ್ರೋಸೆಕೆಂಡು ಯಾರಿಗೆ ಕಾಣುತ್ತದೆ? ಅದರ ಎರಡು ಬಗೆಗಳಾದ ವರ್ಟ್‌ಐಒ ಬ್ಲಾಕ್ ಮತ್ತು ವರ್ಟ್‌ಐಒ ಸ್ಕಸಿ ನಡುವೆಯಂತೂ ನನಗೆ ಏನೂ ಕಾಣಲಿಲ್ಲ.

ವಿಂಡೋಸ್‌ನಲ್ಲಿ ಇದನ್ನು ಬದಲಿಸುವವರಿಗೆ ಒಂದು ಮಾತು. ಬೂಟ್ ಡಿಸ್ಕನ್ನೇ ಸೀದಾ ವರ್ಟ್‌ಐಒಗೆ ತಿರುಗಿಸಿದರೆ ನೀಲಿ ಪರದೆ ಬರುತ್ತದೆ, ನನಗೂ ಬಂತು. ಮೊದಲು 1 ಜಿಬಿಯ ಖಾಲಿ ಡಿಸ್ಕ್ ಒಂದನ್ನು ವರ್ಟ್‌ಐಒ ಆಗಿ ಸೇರಿಸಿ, ವಿಂಡೋಸ್ ಒಳಗೆ ಡ್ರೈವರ್ ಹಾಕಿ, ಆಮೇಲೆ ಬೂಟ್ ಡಿಸ್ಕ್ ತಿರುಗಿಸಿ.

ನಿಜವಾದ ಕಳ್ಳ ಸಿಕ್ಕಿದ್ದು ಕ್ಯಾಶ್ ಸಾಲಿನಲ್ಲಿ. ಯಾವತ್ತೋ ಎಲ್ಲಿಂದಲೋ ನಕಲು ಮಾಡಿದ ವಿಎಂ ಸೆಟ್ಟಿಂಗ್‌ನ ಎಕ್ಸ್‌ಎಂಎಲ್ ಫೈಲ್‌ನಲ್ಲಿ ರೈಟ್‌ಥ್ರೂ ಅಂತಿತ್ತು. ಅಂದರೆ ಗೆಸ್ಟ್ ಏನೇ ಬರೆದರೂ, ಅದು ಡಿಸ್ಕ್ ಮುಟ್ಟುವವರೆಗೆ ಕಾಯಬೇಕು. ಕೆಲಸಕ್ಕೆ ಬಾರದ ಲಾಗ್ ಫೈಲ್‌ಗೂ ಅದೇ ಮರ್ಯಾದೆ. ಅದನ್ನು ‘ನನ್’ (none, ಅಂದರೆ ಹೋಸ್ಟ್‌ನ ಕ್ಯಾಶ್ ಬೇಡ) ಮಾಡಿದೆ. ಒಂದೇ ಪದ, ವಿಂಡೋಸ್ ಮೈಕೊಡವಿ ಎದ್ದಿತು.

ಹೋಸ್ಟ್‌ನ ರ್‍ಯಾಮ್‌ಗೆ ಸೇರಿದ ಕೂಡಲೇ ಬರೆದಾಯ್ತು ಅನ್ನುವ ರೈಟ್‌ಬ್ಯಾಕ್ ಇನ್ನೂ ಜಾಸ್ತಿ ಅಂಕಿ ತೋರಿಸಿತು. ಆದರೆ ಅದು ಹೋಸ್ಟ್‌ನ ರ್‍ಯಾಮ್ ತಿನ್ನುತ್ತದೆ. ಒಂದೇ ಡೇಟಾ ಗೆಸ್ಟ್‌ನಲ್ಲೂ ಹೋಸ್ಟ್‌ನಲ್ಲೂ ಎರಡು ಸಲ ಕ್ಯಾಶ್ ಆಗುತ್ತದೆ. ನನ್ನದು 8 ಜಿಬಿ ಯಂತ್ರ, ಎರಡೂ ವಿಎಂ ಓಡಿಸಿದಾಗ ಸ್ವ್ಯಾಪ್ (ರ್‍ಯಾಮ್ ಸಾಲದೆ ಡಿಸ್ಕಿಗೆ ಸಾಗಿಸುವುದು) ಶುರುವಾಯಿತು. ಡೇಟಾ ಹೋಗುತ್ತದೆ ಅಂತ ರೈಟ್‌ಬ್ಯಾಕ್ ಬಗ್ಗೆ ಹೆದರಿಸುವವರು ಇದ್ದಾರೆ. ಅಷ್ಟೊಂದು ಹೆದರಬೇಕಿಲ್ಲ, ಗೆಸ್ಟ್ ಫ್ಲಶ್ (ಈಗಲೇ ಡಿಸ್ಕಿಗೆ ಇಳಿಸು) ಅಂತ ಕೇಳಿದರೆ ಅದು ಮಾಡುತ್ತದೆ. ಫ್ಲಶ್ ಕೇಳಿದರೂ ಕಿವಿಗೆ ಹಾಕಿಕೊಳ್ಳದೆ ಹೂಂ ಅನ್ನುವುದು ಅನ್‌ಸೇಫ್ ಎಂಬ ಸೆಟ್ಟಿಂಗ್. ಅದರಲ್ಲಿ ಓಎಸ್ ಇನ್‌ಸ್ಟಾಲ್ ಭರ್ರನೆ ಮುಗಿಯುತ್ತದೆ. ಆದರೆ ಮಳೆಗಾಲದಲ್ಲಿ ನಮ್ಮೂರಲ್ಲಿ ಕರೆಂಟ್ ಹೇಳಿ ಹೋಗುವುದಿಲ್ಲ. ಇನ್‌ಸ್ಟಾಲ್ ಮುಗಿದ ಕೂಡಲೇ ಮರೆಯದೆ ತೆಗೆಯಿರಿ.

ವಿಎಂನ ಡಿಸ್ಕ್ ಫೈಲ್‌ಗೆ ಕ್ಯೂಕೌ2 ರೂಪ ಒಳ್ಳೆಯದೋ ರಾ ರೂಪ ಒಳ್ಳೆಯದೋ ಅನ್ನುವ ಜಗಳಕ್ಕೆ ನಾನು ಎರಡು ಸಂಜೆ ಕೊಟ್ಟೆ, ಅಷ್ಟು ಬೇಕಿರಲಿಲ್ಲ. ಹೊಸ ಜಾಗಕ್ಕೆ ಮೊದಲ ಸಲ ಬರೆಯುವಾಗ ಕ್ಯೂಕೌ2 ಹಿಂದೆ ಬೀಳುತ್ತದೆ, ಜಾಗ ಹುಡುಕಿ ಪಟ್ಟಿಯಲ್ಲಿ ಬರೆದುಕೊಳ್ಳಬೇಕಲ್ವಾ. ಒಮ್ಮೆ ಬರೆದ ಜಾಗದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಕಾಡಿದ್ದು ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಡಿಸ್ಕನ್ನು ಹಾಗೇ ಉಳಿಸಿಡುವುದು. ಕ್ಯೂಕೌ2 ಜಾಗ ಹಂಚುವ ತುಂಡು, ಅಂದರೆ ಕ್ಲಸ್ಟರ್, ಸಾಮಾನ್ಯವಾಗಿ 64 ಕೆಬಿ. ಸ್ನ್ಯಾಪ್‌ಶಾಟ್ ತೆಗೆದ ಮೇಲೆ ಹಳೇ ಕ್ಲಸ್ಟರ್‌ನಲ್ಲಿ 4 ಕೆಬಿ ಬದಲಿಸಿದರೂ ಇಡೀ ಕ್ಲಸ್ಟರ್‌ಗೆ ಹೊಸ ಜಾಗ ಹುಡುಕಿ, ಉಳಿದದ್ದನ್ನೂ ನಕಲು ಮಾಡಬೇಕು. ಇರಲಿ ಅಂತ ಸುಮ್ನೆ ತೆಗೆದಿಟ್ಟ ಆರು ಸ್ನ್ಯಾಪ್‌ಶಾಟ್ ಅಳಿಸಿದೆ. ಕ್ಯೂಕೌ2 ಉಳಿಸಿಕೊಂಡೆ.

ಇಷ್ಟಾದರೂ ಪೋಸ್ಟ್‌ಗ್ರೆಸ್ ಜಗ್ಗಲಿಲ್ಲ. ನನ್ನ ಸ್ಕ್ರಿಪ್ಟ್ ಒಂದೊಂದು ಸಾಲಿಗೂ ಒಂದು ಕಮಿಟ್ (ಬದಲಾವಣೆಯನ್ನು ಖಾಯಂ ಮಾಡುವುದು) ಮಾಡುತ್ತಿತ್ತು, ಪ್ರತಿ ಕಮಿಟ್‌ಗೂ ಒಂದು ಎಫ್‌ಸಿಂಕ್, ಅಂದರೆ ಡೇಟಾ ಡಿಸ್ಕ್ ಮುಟ್ಟುವವರೆಗೆ ಕಾಯುವುದು. ಲೆಕ್ಕ ಹಾಕಿ: ನಿಮಿಷಕ್ಕೆ 7200 ಸುತ್ತು ಅಂದರೆ ಸೆಕೆಂಡಿಗೆ 120, ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್. ಒಂದರ ಹಿಂದೆ ಒಂದು ಕಮಿಟ್ ಕಾಯುತ್ತಾ ಹೋದರೆ ಅದಕ್ಕಿಂತ ಜಾಸ್ತಿ ನಿರೀಕ್ಷಿಸುವ ಹಾಗಿಲ್ಲ. ಇಂಥ ಡಿಸ್ಕ್ ಮೇಲೆ ಸಾವಿರಗಟ್ಟಲೆ ತೋರಿಸುವ ಸೆಟ್ಟಿಂಗ್ ಸಿಕ್ಕರೆ, ನಡುವೆ ಯಾರೋ ಸುಳ್ಳು ಹೇಳುತ್ತಿದ್ದಾರೆ ಅಂತಲೇ ಅರ್ಥ. ಸಾವಿರ ಸಾಲಿಗೆ ಒಂದು ಕಮಿಟ್ ಮಾಡಿದೆ, ಗಂಟೆಗಳ ಕೆಲಸ ನಿಮಿಷಕ್ಕೆ ಇಳಿಯಿತು. ವಿಎಂನದ್ದು ಇದರಲ್ಲಿ ಏನೂ ತಪ್ಪಿರಲಿಲ್ಲ.

ಕೊನೆಗೆ ಪೋಸ್ಟ್‌ಗ್ರೆಸ್ ವಿಎಂಗೆಂದು ಒಂದು ಎಸ್‌ಎಸ್‌ಡಿ ತಂದೆ. ಅದರ ಮೇಲೆ ಮತ್ತೆ ಸಾಟಾ, ವರ್ಟ್‌ಐಒ ಹೋಲಿಸಿದಾಗ ಜನ ಹೇಳುವ ಅಂತರ ಚೆನ್ನಾಗಿಯೇ ಕಂಡಿತು. ಡಿಸ್ಕ್ ಚುರುಕಾದ ಮೇಲೆ ನಟನೆಯ ಖರ್ಚು ಎದ್ದು ಕಾಣುತ್ತದೆ. ಈಗ ಅಲ್ಲಿ ವರ್ಟ್‌ಐಒ ಸ್ಕಸಿ, ಕ್ಯೂಕೌ2, ಕ್ಯಾಶ್ ನನ್. ವಿಂಡೋಸ್ ಮಾತ್ರ ಇನ್ನೂ ಹಳೇ ಹಾರ್ಡ್ ಡಿಸ್ಕ್ ಮೇಲೇ ಇದೆ. ನುಡಿ ಫೈಲ್ ತೆರೆಯುವುದು ತಿಂಗಳಿಗೊಮ್ಮೆ. ಕಾಫಿ ಮುಗಿಯುವ ಮೊದಲೇ ಎದ್ದಿರುತ್ತದೆ.