ಆಟೋಮ್ಯಾಟಿಕ್ ಪಿಕಪ್‌ಗೆ ಆಯಿಲ್ ಕೂಲರ್ ಹಾಕಿಸ್ತೀರಾ? ಮೊದಲು ಪೈಪ್ ನೋಡಿ

ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹೊರಗಿನ ಗ್ಯಾರೇಜಿನಲ್ಲಿ ಎಕ್ಸ್‌ಟ್ರಾ ಆಯಿಲ್ ಕೂಲರ್ ಹಾಕಿಸುವವರು ಇದನ್ನೊಮ್ಮೆ ಓದಿ. ಕೂಲರ್ ಕೆಟ್ಟದ್ದೇನಲ್ಲ. ನನಗೆ ಕೈಕೊಟ್ಟಿದ್ದು ಅದಕ್ಕೆ ಜೋಡಿಸಿದ ಗೇಣುದ್ದದ ರಬ್ಬರ್ ಪೈಪು.

ನನ್ನದು ಡೀಸೆಲ್ ಪಿಕಪ್. ಬೆಳಗಾವಿಯಿಂದ ಗೋವಾಕ್ಕೆ ತರಕಾರಿ ಒಯ್ಯುತ್ತೇನೆ, ಬರುವಾಗ ಸಿಕ್ಕ ಲೋಡು. ಚೋರ್ಲಾ ಘಾಟ್ ಹತ್ತುವಾಗ ಮುಂದೆ ಲಾರಿ ಸಿಕ್ಕರೆ ಮುಗೀತು, ನಡೆದು ಹೋದಷ್ಟೇ ವೇಗ. ಅಷ್ಟು ನಿಧಾನದಲ್ಲಿ ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ಮುಟ್ಟಿಸುವ ಭಾಗ) ಲಾಕ್ ಆಗುವುದಿಲ್ಲ. ಇಂಜಿನ್ ಶಕ್ತಿಯಲ್ಲಿ ಒಂದಷ್ಟು ಒಳಗಿನ ಎಣ್ಣೆ ಕಲಕುವುದಕ್ಕೇ ಹೋಗಿ, ಎಣ್ಣೆ ಕಾಯುತ್ತದೆ. ಅದನ್ನು ತಣಿಸಲು ನನ್ನ ಗಾಡಿಯಲ್ಲಿ ರೇಡಿಯೇಟರ್ ಟ್ಯಾಂಕಿನೊಳಗೇ ಸಣ್ಣ ಕೂಲರ್ ಇದೆ. ಘಾಟಿನಲ್ಲಿ ಅದು ಸಾಲದು, ವಾರ್ನಿಂಗ್ ಲೈಟ್ ಬರುತ್ತಿತ್ತು. ಅದಕ್ಕೇ ಇನ್ನೊಂದು ಹಾಕಿಸಿದೆ.

ಗ್ಯಾರೇಜಿನವನು ಗೇರ್ ಎಣ್ಣೆ ಹರಿಯುವ ಸ್ಟೀಲ್ ಪೈಪನ್ನು ಗರಗಸದಿಂದ ಕೊಯ್ದು, ನುಣ್ಣಗಿದ್ದ ತುದಿಗೇ ಡೀಸೆಲ್ ಪೈಪ್ ತೂರಿಸಿ ಕ್ಲಿಪ್ ಬಿಗಿದ. ಕೇಳಿದರೆ, ‘ಡೀಸೆಲ್ ತಡೀತದ, ಇದೂ ತಡೀತದ್ರಿ ಸರ’ ಅಂದ. ಡೀಸೆಲ್ ಪೈಪು ಅಷ್ಟು ಕಾದ ಗೇರ್ ಎಣ್ಣೆಗೆ ಮಾಡಿದ್ದಲ್ಲ ಅಂತ ಆಮೇಲೆ ಗೊತ್ತಾಯಿತು.

ಗೋವಾದಿಂದ ಬರುವಾಗ ಕೇರಿ ಊರು ದಾಟಿ ಘಾಟ್ ಹತ್ತುವಾಗ ಸುಟ್ಟ ವಾಸನೆ ಬಂತು. ಇಂಜಿನ್ ಕಿರುಚುತ್ತಿದೆ, ಗಾಡಿ ಮುಂದೆ ಹೋಗುತ್ತಿಲ್ಲ. ಕಷ್ಟಪಟ್ಟು ಪಕ್ಕಕ್ಕೆ ತಂದು ಬಗ್ಗಿ ನೋಡಿದರೆ ಕೆಂಪೆಣ್ಣೆ ಸೈಲೆನ್ಸರ್ ಪೈಪಿನ ಮೇಲೆ ಸುರಿದು ಹೊಗೆ ಏಳುತ್ತಿದೆ. ಬೆಂಕಿ ಹತ್ತಲಿಲ್ಲ, ದೇವರು ದೊಡ್ಡವನು. ಆರಿದ ಮೇಲೆ ಮುಟ್ಟಿದೆ: ರಬ್ಬರ್ ಉಬ್ಬಿ ಮೆತ್ತಗಾಗಿತ್ತು, ಕ್ಲಿಪ್ ಸಮೇತ ತುದಿಯಿಂದ ಜಾರಿತ್ತು.

ಹಿಂದೆ ಬಂದ ಲಾರಿಯವರು ಪಾಪ ನಿಲ್ಲಿಸಿ, ‘ಹಗ್ಗ ಕಟ್ರಿ, ಜಗ್ಗೊಂಡು ಹೋಗೋಣು’ ಅಂದರು. ನಾನು ಒಪ್ಪಲಿಲ್ಲ. ಇಂಜಿನ್ ತಿರುಗಿದರೆ ಮಾತ್ರ ಗೇರ್‌ಬಾಕ್ಸಿನ ಪಂಪು ಎಣ್ಣೆ ಹಾಯಿಸುತ್ತದೆ. ಹಿಂದಿನ ಚಕ್ರ ನೆಲದ ಮೇಲಿಟ್ಟು ಎಳೆದರೆ ಉಳಿದದ್ದೂ ಹೋಗುತ್ತದೆ. ಗಾಡಿಯನ್ನು ಪೂರ್ತಿ ಮೇಲೆ ಹೇರುವ ಟೋಯಿಂಗ್ ಗಾಡಿಗೆ ಕಾದೆ. ಕೊನೆಗೂ ಬಾಕ್ಸ್ ಬಿಚ್ಚಲೇಬೇಕಾಯಿತು, ಕ್ಲಚ್ ಪ್ಲೇಟ್‌ಗಳು ಸುಟ್ಟಿದ್ದವು. ಗ್ಯಾರೇಜಿನವನ ಉತ್ತರ: ‘ಲೋಡ್ ಜಾಸ್ತಿ ಹಾಕೀರಿ.’ ಅಲ್ಲಪ್ಪಾ, ಲೋಡಿಗಾಗಿ ಅಲ್ವಾ ಕೂಲರ್ ಹಾಕಿಸಿದ್ದು!

ನೀವು ಹಾಕಿಸುವಾಗ ಎದುರಿಗೇ ನಿಂತಿರಿ. ಟ್ರಾನ್ಸ್‌ಮಿಷನ್ ಆಯಿಲ್ ಕೂಲರ್‌ಗೆಂದೇ ಮಾಡಿದ ಹೋಸ್ ಬೇಕು. ಕೊಯ್ದ ಪೈಪಿನ ತುದಿಯಲ್ಲಿ ಉಬ್ಬು ಇರಬೇಕು, ಇಲ್ಲದಿದ್ದರೆ ಕ್ಲಿಪ್ ಎಷ್ಟು ಬಿಗಿದರೂ ಜಾರುತ್ತದೆ. ಹೋಸ್ ಸೈಲೆನ್ಸರ್ ಪೈಪಿನಿಂದ ದೂರ ಹೋಗಲಿ. ಕಂಪನಿ ಕೂಲರ್ ತೆಗೆಸಬೇಡಿ. ರೇಡಿಯೇಟರ್ ಸುತ್ತಿ ಬಂದ ಎಣ್ಣೆ ಹೊಸ ಕೂಲರಿಗೆ ಹೋಗಲಿ. ಎಣ್ಣೆ ಮ್ಯಾನುವಲ್‌ನಲ್ಲಿ ಹೇಳಿದ್ದೇ ಆಗಬೇಕು, ಲೆವೆಲ್ ನೋಡುವುದೂ ಅದರಲ್ಲಿ ಹೇಳಿದಂತೆಯೇ.

ಕಬ್ಬಿನ ಸೀಸನ್ನಿನಲ್ಲಿ ಗೋಕಾಕ, ಅಥಣಿ ಕಡೆ ಓಡಾಡುವವರಿಗೆ ಇನ್ನೊಂದು ಕೆಲಸ ಇದೆ. ಟ್ರ್ಯಾಲಿಯಿಂದ ಹಾರಿದ ರವದಿ (ಕಬ್ಬಿನ ಒಣ ಎಲೆ), ಧೂಳು ಎಲ್ಲ ಹೊಸ ಕೂಲರಿಗೂ ಎಸಿ ಕಂಡೆನ್ಸರಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ಏನೂ ಕಾಣಲ್ಲ. ಇಂಜಿನ್ ಕಡೆಯಿಂದ ಮುಂದಕ್ಕೆ ಗಾಳಿ ಹೊಡೆಸಿ. ಮುಂದಿನಿಂದ ಹೊಡೆದರೆ ಕಸ ಇನ್ನೂ ಒಳಗೆ ಕೂರುತ್ತದೆ.